ಬಿಸಿಲು, ಗಾಳಿ ನಮ್ಮದು, ಮಾತು ಯಾರದು?

(ಯುವಜನರ ಅಧ್ಯಯನ ಪಾಠ)



ಈ ತಿಂಗಳ ಪಾಠಕ್ಕೆ ಕರೆಂಟಿನ ವಿಷಯ ತೆಗೆದುಕೊಂಡಿದ್ದೇವೆ. ಧರ್ಮಕೇಂದ್ರದ ಪತ್ರಿಕೆಯಲ್ಲಿ ಕರೆಂಟಿಗೇನು ಕೆಲಸ ಎಂದು ಕೆಲವರು ಕೇಳಬಹುದು. ರಾಯದುರ್ಗದಿಂದ ಬೆಳಗುಪ್ಪ, ಕಲ್ಯಾಣದುರ್ಗದ ಕಡೆ ಬಸ್ಸಿನಲ್ಲಿ ಹೋದವರಿಗೆ ಹೊಲಗಳ ಮೇಲೆ ನಿಂತ ಗಾಳಿಯಂತ್ರಗಳು ಹೊಸತಲ್ಲ. ಮಡಕಶಿರಾದವರಿಗೆ ಗಡಿ ದಾಟಿದರೆ ಪಾವಗಡ, ಅಲ್ಲಿ ಮೈಲಿಗಟ್ಟಲೆ ಸೋಲಾರ್ ಪ್ಯಾನೆಲ್ಲು. ನಮ್ಮ ಕುಟುಂಬಗಳಲ್ಲಿ ಕೆಲವರಿಗೆ ಎರಡು-ಮೂರು ಎಕರೆ ಖುಷ್ಕಿ ಇದೆ, ಕೆಲವರಿಗೆ ಸರ್ಕಾರ ಕೊಟ್ಟ ಪಟ್ಟಾ ಇದೆ, ಅನೇಕರಿಗೆ ಕೂಲಿ ಬಿಟ್ಟರೆ ಬೇರೆ ಏನೂ ಇಲ್ಲ. ಗಾಳಿ, ಬಿಸಿಲಿನ ಕಂಪನಿಗಳು ಬಂದಾಗ ಈ ಮೂರು ಬಗೆಯವರಿಗೂ ಮೂರು ಬೇರೆ ಬೇರೆ ಪರಿಣಾಮ ಆಗುತ್ತದೆ. ಅದಕ್ಕೇ ಈ ಪಾಠ.

ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡಲೇಬೇಕು. ಹವಾಮಾನ ಕೆಟ್ಟರೆ ಮೊದಲು ಒಣಗುವುದು ನಮ್ಮಂಥ ಮಳೆ ಕಡಿಮೆಯ ಸೀಮೆಯೇ. ಆದ್ದರಿಂದ ಸೋಲಾರ್ ಬೇಡ, ಗಾಳಿಯಂತ್ರ ಬೇಡ ಎಂದು ಹೇಳಲು ಈ ಪಾಠ ಬರೆಯುತ್ತಿಲ್ಲ. ಹೊಗೆಯಿಲ್ಲದ ಕರೆಂಟು ನ್ಯಾಯದ ಕರೆಂಟೂ ಆಗಬೇಕಾದರೆ ಏನು ಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ನಮ್ಮ ಕಡೆಗೇ ಏಕೆ ಬರುತ್ತಾರೆ?

ಗಾಳಿಯಿಂದ ಸಿಗುವ ಶಕ್ತಿಗೆ ಒಂದು ಸರಳ ಲೆಕ್ಕವಿದೆ. ಗಾಳಿಯ ವೇಗ ಎರಡರಷ್ಟಾದರೆ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಸೆಕೆಂಡಿಗೆ 4 ಮೀಟರ್ ಬೀಸುವ ಜಾಗಕ್ಕೂ 8 ಮೀಟರ್ ಬೀಸುವ ಜಾಗಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ನೈಋತ್ಯ ಮುಂಗಾರು ನಮಗೆ ಮಳೆ ಕೊಡುವುದು ಅಷ್ಟಕ್ಕಷ್ಟೆ, ಆದರೆ ಗಾಳಿಯನ್ನು ಧಾರಾಳವಾಗಿ ಕೊಡುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ನಾವಿದ್ದೇವೆ. ಮೋಡ ಕಡಿಮೆ, ಆದ್ದರಿಂದ ಬಿಸಿಲೂ ಹೆಚ್ಚು. ಹೀಗಾಗಿ 1990ರ ದಶಕದಲ್ಲೇ ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು.

ಎರಡನೆಯ ಕಾರಣ ಪ್ರಕೃತಿಯದಲ್ಲ, ಕಾಗದದ್ದು. ನಮ್ಮ ಸೀಮೆಯ ಬಹಳಷ್ಟು ಭೂಮಿ ಕಂದಾಯ ದಾಖಲೆಯಲ್ಲಿ ‘ಬಂಜರು’ ಎಂದೇ ಇದೆ. ಬಂಜರು ಎಂದರೆ ಕಚೇರಿಯ ಅರ್ಥದಲ್ಲಿ ಯಾರಿಗೂ ಉಪಯೋಗವಿಲ್ಲದ ಜಾಗ. ಕುರಿ ಕಾಯುವವರನ್ನು ಕೇಳಿ ನೋಡಿ. ಅದೇ ಜಾಗ ಅವರಿಗೆ ಮೇವು, ಕುರಿಗೆ ನೆರಳು, ಮಳೆಗಾಲದ ನೀರಿನ ಕುಂಟೆ. ಒಂದೇ ಗುಡ್ಡಕ್ಕೆ ಎರಡು ಹೆಸರು. ತೀರ್ಮಾನವಾಗುವುದು ಕಚೇರಿಯ ಹೆಸರಿನ ಪ್ರಕಾರ.

ಈ ಪ್ರಶ್ನೆಯನ್ನು ಆಳವಾಗಿ ಅಧ್ಯಯನ ಮಾಡಿದ ಒಬ್ಬ ವಿದ್ವಾಂಸರನ್ನು ಮೊದಲು ಪರಿಚಯಿಸುತ್ತೇನೆ. ಅವರು ಅಮೆರಿಕದ ಮೂಲನಿವಾಸಿ. ಅವರ ಊರಿನ ಕಥೆ ಕೇಳಿದ ಮೇಲೆ ನಮ್ಮ ಊರಿನ ಕಥೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ದಿನೆ ಜನರ ಕಲ್ಲಿದ್ದಲು

ಅಮೆರಿಕದ ನೈಋತ್ಯ ಭಾಗದಲ್ಲಿ ನವಾಹೊ ಎಂಬ ಮೂಲನಿವಾಸಿಗಳಿದ್ದಾರೆ. ಅವರ ಭಾಷೆಯಲ್ಲಿ ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ಅವರಿಗೆ ಮೀಸಲಾದ ನಾಡು ಸುಮಾರು 70,000 ಚದರ ಕಿಲೋಮೀಟರ್. ಅಂದರೆ ನಮ್ಮ ಹಳೆಯ ಅನಂತಪುರ ಜಿಲ್ಲೆಯ ಮೂರೂವರೆ ಪಟ್ಟಿಗೂ ಹೆಚ್ಚು. ನಮ್ಮಂತೆಯೇ ಒಣ ಸೀಮೆ, ಕುರಿ ಸಾಕುವ ಜನ. ಅವರಿಗೆ ಸ್ವಂತ ಸರ್ಕಾರ, ಸ್ವಂತ ಶಾಸನಸಭೆ, ಸ್ವಂತ ನ್ಯಾಯಾಲಯ ಇವೆ. ಆದರೆ ಭೂಮಿಯ ಮೇಲಿನ ಕಾನೂನಿನ ಒಡೆತನವನ್ನು ಅಮೆರಿಕ ಸರ್ಕಾರ ಟ್ರಸ್ಟಿಯಂತೆ ಇಟ್ಟುಕೊಂಡಿದೆ.

ಆಂಡ್ರ್ಯೂ ಕರ್ಲಿ ಈ ಜನಾಂಗದವರು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಭೂಗೋಳಶಾಸ್ತ್ರದ ಪ್ರಾಧ್ಯಾಪಕರು. 2023ರಲ್ಲಿ ಅವರ ‘ಕಾರ್ಬನ್ ಸಾವರಿನ್‌ಟಿ’ ಎಂಬ ಪುಸ್ತಕ ಬಂತು. ‘ಇಂಗಾಲದ ಸಾರ್ವಭೌಮತ್ವ’ ಎಂದು ಅದರ ಅರ್ಥ. ತಮ್ಮ ಜನರಿಗೂ ಕಲ್ಲಿದ್ದಲಿಗೂ ಇದ್ದ ಸಂಬಂಧವೇ ಅದರ ವಸ್ತು.

ಆ ಸಂಬಂಧದ ಚರಿತ್ರೆ ಹೀಗಿದೆ. 1920ರ ದಶಕದ ಆರಂಭದಲ್ಲಿ ಅವರ ನೆಲದಲ್ಲಿ ತೈಲ ಸಿಕ್ಕಿತು. ಗುತ್ತಿಗೆ ಪತ್ರಕ್ಕೆ ಸಹಿ ಹಾಕಲು ಯಾರಾದರೂ ಬೇಕಲ್ಲ? 1923ರಲ್ಲಿ ಅಮೆರಿಕ ಸರ್ಕಾರದ ಮುತುವರ್ಜಿಯಿಂದ ಒಂದು ಬುಡಕಟ್ಟು ಮಂಡಳಿ ಹುಟ್ಟಿತು. ಅದರ ಮೊದಲ ಕೆಲಸವೇ ಗುತ್ತಿಗೆಗೆ ಒಪ್ಪಿಗೆ ಕೊಡುವುದು. 1960ರ ದಶಕದಲ್ಲಿ ಬ್ಲ್ಯಾಕ್ ಮೆಸಾ ಎಂಬ ಪ್ರದೇಶದ ಕಲ್ಲಿದ್ದಲಿನ ಗುತ್ತಿಗೆಯಾಯಿತು. 1970ರ ದಶಕದಲ್ಲಿ 2,250 ಮೆಗಾವಾಟ್‌ನ ದೊಡ್ಡ ಸ್ಥಾವರ ಎದ್ದಿತು. ಅದರ ಕರೆಂಟಿನ ಒಂದು ಪಾಲು ಹೋಗಿದ್ದು ಕೊಲೊರಾಡೊ ನದಿಯ ನೀರನ್ನು ಎತ್ತಿ ಫೀನಿಕ್ಸ್, ಟೂಸಾನ್ ನಗರಗಳಿಗೆ ಹರಿಸಲು. ಸ್ಥಾವರದ ಸುತ್ತಮುತ್ತಲಿನ ನಾಡಿನಲ್ಲೇ ಸಾವಿರಾರು ದಿನೆ ಮನೆಗಳಿಗೆ ಕರೆಂಟ್ ಲೈನು ಇರಲಿಲ್ಲ.

ಇಲ್ಲಿ ಕರ್ಲಿ ಒಂದು ಮುಖ್ಯವಾದ ಮಾತು ಹೇಳುತ್ತಾರೆ. ಗಣಿ ಕೆಲಸಗಾರರನ್ನು ಕಂಪನಿಯ ಕೈಗೊಂಬೆಗಳೆಂದಾಗಲಿ, ಭೂಮಿಗೆ ದ್ರೋಹ ಮಾಡಿದವರೆಂದಾಗಲಿ ಅವರು ನೋಡುವುದಿಲ್ಲ. ಹೊಟ್ಟೆಪಾಡಿಗೆ ದೂರದ ನಗರಕ್ಕೆ ಹೋಗದೆ, ತಮ್ಮವರ ನಡುವೆ, ತಮ್ಮ ನೆಲದಲ್ಲೇ ಮರ್ಯಾದೆಯಿಂದ ದುಡಿದು ಬದುಕಲು ಆ ಕೆಲಸ ದಾರಿ ಮಾಡಿತ್ತು. ಬುಡಕಟ್ಟು ಸರ್ಕಾರದ ಖಜಾನೆಗೂ ಅದೇ ಆಧಾರ. ಸ್ವಂತ ಸರ್ಕಾರ ನಡೆಸುವ ಹಕ್ಕೇ ಕಲ್ಲಿದ್ದಲಿನ ಮೇಲೆ ನಿಂತುಬಿಟ್ಟಿತ್ತು. ಆ ಗಂಟನ್ನು ಅರ್ಥ ಮಾಡಿಕೊಳ್ಳದೆ, ನಾಳೆಯಿಂದ ಗಣಿ ಮುಚ್ಚಿ ಎಂದು ಹೊರಗಿನವರು ಹೇಳಿದರೆ ಅದು ನ್ಯಾಯವಾಗುವುದಿಲ್ಲ.

ಕೊನೆಗೆ ಏನಾಯಿತು ನೋಡಿ. 2013ರಲ್ಲಿ ದಿನೆ ಶಾಸನಸಭೆ ಸ್ಥಾವರದ ಗುತ್ತಿಗೆಯನ್ನು ಮುಂದುವರಿಸಲು ಒಪ್ಪಿತು. 2017ರಲ್ಲಿ ಸ್ಥಾವರದ ಮಾಲೀಕ ಸಂಸ್ಥೆಗಳು ನೈಸರ್ಗಿಕ ಅನಿಲ ಅಗ್ಗವಾಯಿತೆಂದು ಲೆಕ್ಕ ಹಾಕಿ ಮುಚ್ಚಲು ನಿರ್ಧರಿಸಿದವು. 2019ರ ನವೆಂಬರಿನಲ್ಲಿ ಸ್ಥಾವರ ನಿಂತುಹೋಯಿತು. ಶುರು ಮಾಡಿದ ತೀರ್ಮಾನ ಹೊರಗಿನದು, ನಿಲ್ಲಿಸಿದ ತೀರ್ಮಾನವೂ ಹೊರಗಿನದು.

ಇದರ ನಡುವೆ 2009ರಲ್ಲಿ ದಿನೆ ಯುವಜನರು ಮುಂದಾಗಿ, ಸಣ್ಣ ಸಣ್ಣ ಹಸಿರು ಉದ್ಯೋಗಗಳಿಗಾಗಿ ತಮ್ಮ ಶಾಸನಸಭೆಯಲ್ಲಿ ಒಂದು ಕಾನೂನು ಮಾಡಿಸಿದರು. ಅದು ಹೇಳಿಕೊಳ್ಳುವಷ್ಟು ಫಲ ಕೊಡಲಿಲ್ಲ. ಏಕೆ ಎಂಬುದನ್ನೂ ಕರ್ಲಿ ಬರೆದಿದ್ದಾರೆ. ಹಣ, ಸಂಸ್ಥೆ, ಕಾನೂನು ಎಲ್ಲವೂ ಕಲ್ಲಿದ್ದಲಿಗೆ ತಕ್ಕಂತೆ ಕಟ್ಟಿಕೊಂಡಿರುವಾಗ ಒಳ್ಳೆಯ ಆಸೆಯೊಂದೇ ಸಾಲುವುದಿಲ್ಲ. ಕಲ್ಲಿದ್ದಲು ತೆಗೆದು ಆ ಜಾಗದಲ್ಲಿ ಸೋಲಾರ್ ಇಟ್ಟರೂ ಒಡೆತನ, ತೀರ್ಮಾನ, ಲಾಭ ಹಿಂದಿನವರ ಕೈಯಲ್ಲೇ ಉಳಿದರೆ ಬದಲಾದದ್ದು ಯಂತ್ರ ಮಾತ್ರ.

ಸಾರ್ವಭೌಮತ್ವ ಎಂಬ ದೊಡ್ಡ ಪದವನ್ನು ನಮ್ಮ ಪಾಠಕ್ಕೆ ಹೀಗೆ ಸರಳ ಮಾಡಿಕೊಳ್ಳೋಣ: ನಮ್ಮ ನೆಲದ ಬಗ್ಗೆ ‘ಆಗಲಿ’, ‘ಬೇಡ’, ‘ಹೀಗಾದರೆ ಮಾತ್ರ ಆಗಲಿ’ ಎನ್ನುವ ಮೂರು ಮಾತುಗಳನ್ನೂ ಆಡಬಲ್ಲ ಶಕ್ತಿ. ಈ ಅಳತೆಗೋಲು ಹಿಡಿದು ನಮ್ಮ ಪಕ್ಕದ ಎರಡು ಜಾಗಗಳನ್ನು ನೋಡೋಣ.

ಕಲ್ಪವಲ್ಲಿ: ಬೆಳೆಸಿದವರ ಕೈಯಲ್ಲಿ ಕಾಗದ ಇರಲಿಲ್ಲ

ಮಡಕಶಿರಾಕ್ಕೆ ಹೆಚ್ಚು ದೂರವಲ್ಲದ ರೊದ್ದಂ, ರಾಮಗಿರಿ, ಚೆನ್ನೇಕೊತ್ತಪಲ್ಲಿ ಮಂಡಲಗಳ ಗುಡ್ಡಸಾಲಿನಲ್ಲಿ ಕಲ್ಪವಲ್ಲಿ ಎಂಬ ಕಾಡಿದೆ. 1990ರಲ್ಲಿ ಶುರುವಾದ ತಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಜೊತೆ ಸೇರಿ ಸುತ್ತಲಿನ ಹಳ್ಳಿಗಳವರು 1990ರ ದಶಕದ ಮೊದಲ ವರ್ಷಗಳಿಂದ ಅಲ್ಲಿನ ಬೋಳುಗುಡ್ಡಗಳನ್ನು ಕಾಯತೊಡಗಿದರು. ಬೆಂಕಿ ಬೀಳದಂತೆ ನೋಡಿಕೊಂಡರು, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಹಾಕಿದರು, ಬೀಜ ಬಿತ್ತಿದರು. ಮುಖ್ಯವಾಗಿ, ಭೂಮಿಗೆ ವಿಶ್ರಾಂತಿ ಕೊಟ್ಟರು. ಹುಲ್ಲು ಬಂತು, ಈಚಲು ಬಂತು, ತೊರೆಗಳಲ್ಲಿ ನೀರು ನಿಂತಿತು, ತೋಳಗಳೂ ಬಂದವು. 7,000 ಎಕರೆಗೂ ಹೆಚ್ಚು ಜಾಗ ಹೀಗೆ ಚಿಗುರಿತು. ಕುರಿಗೆ ಮೇವು, ಪೊರಕೆ-ಬುಟ್ಟಿಗೆ ಈಚಲು ಗರಿ ಸಿಗತೊಡಗಿತು. ಹಳ್ಳಿಗಳವರು ಸಹಕಾರ ಸಂಘವನ್ನೂ ಕಟ್ಟಿಕೊಂಡರು.

ಆದರೆ ಕಂದಾಯ ದಾಖಲೆಯಲ್ಲಿ ಆ ಭೂಮಿ ಬಂಜರಾಗಿಯೇ ಉಳಿಯಿತು. ಕಾಯ್ದವರಿಗೆ ಅದರ ಮೇಲೆ ಬರಹದ ಹಕ್ಕು ಸಿಗಲಿಲ್ಲ. 2010ರ ಆಸುಪಾಸಿನಲ್ಲಿ ನಲ್ಲಕೊಂಡ ಎಂಬ ಹೆಸರಿನ ಸುಮಾರು 50 ಮೆಗಾವಾಟ್ ಗಾಳಿ ವಿದ್ಯುತ್ ಯೋಜನೆ ಅಲ್ಲಿಗೆ ಬಂತು. ಗುಡ್ಡದ ನೆತ್ತಿ ಸಮ ಮಾಡಿದರು. ಭಾರೀ ರೆಕ್ಕೆಗಳನ್ನು ಸಾಗಿಸಲು ಅಗಲವಾದ ರಸ್ತೆ ಕಡಿದರು. ಮರಗಳು ಹೋದವು, ಮಣ್ಣು ಜಾರಿ ತೊರೆಗಳಿಗೆ ತುಂಬಿತು, ಕುರಿಯ ದಾರಿಗಳು ಕತ್ತರಿಸಿಹೋದವು. ಅದೇ ಯೋಜನೆ ಹವಾಮಾನಕ್ಕೆ ಒಳ್ಳೆಯದು ಮಾಡುತ್ತದೆಂದು ಅಂತರರಾಷ್ಟ್ರೀಯ ಇಂಗಾಲ ಪ್ರಮಾಣಪತ್ರದ ವ್ಯವಸ್ಥೆಯಲ್ಲೂ ನೋಂದಣಿಯಾಯಿತು. 2013ರಲ್ಲಿ ಈ ಹಾನಿಯ ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಹೋಯಿತು.

ಜನರ ಮಾತು ಮೊದಲೇ ಏಕೆ ಕೇಳಲಿಲ್ಲ? ಇದಕ್ಕೆ ಕಾನೂನಿನಲ್ಲೇ ಒಂದು ಉತ್ತರವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಗಣಿ ತೋಡುವಾಗ, ಅಣೆಕಟ್ಟು ಕಟ್ಟುವಾಗ ನಡೆಯುವಂಥ ಸಾರ್ವಜನಿಕ ವಿಚಾರಣೆ ಇಲ್ಲಿ ಕಡ್ಡಾಯವಲ್ಲ. ಸ್ವಚ್ಛ ಶಕ್ತಿ ಎಂಬ ಹೆಸರೇ ಪ್ರಶ್ನೆ ಕೇಳದಿರಲು ಸಾಕಾಯಿತು.

ಕಲ್ಪವಲ್ಲಿಯ ಪಾಠ ಇಷ್ಟು: ಇಪ್ಪತ್ತು ವರ್ಷ ಕಾಪಾಡಿದ ಕೈಗಿಂತ ಒಂದು ಹಾಳೆ ಕಾಗದದ ಬಲ ಹೆಚ್ಚಾಯಿತು.

ಪಾವಗಡ: ಕಾಗದ ಇದ್ದವರು, ಇಲ್ಲದವರು

ಈಗ ಗಡಿಯಾಚೆ ಹೋಗೋಣ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುತೇಕ ಎಲ್ಲ ಕಡೆಯೂ ಆಂಧ್ರವೇ ಸುತ್ತುವರಿದಿದೆ. ಅಲ್ಲಿನ ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಇದಕ್ಕಾಗಿ 2015ರಲ್ಲಿ ಕೇಂದ್ರ-ರಾಜ್ಯಗಳ ಜಂಟಿ ನಿಗಮವೊಂದು ಹುಟ್ಟಿತು. 2018ರ ಮಾರ್ಚ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣವಾಯಿತು.

ಇಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೇಕಾಯಿ ಬಿತ್ತಿ ಸಾಲ ಬೆಳೆಸಿಕೊಂಡಿದ್ದ ರೈತರಿಗೆ ಇದು ನಿಶ್ಚಿತವಾದ ಆದಾಯ. ಹತ್ತು ಎಕರೆ ಇದ್ದವರಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ. ಭೂಮಿ ಅವರ ಹೆಸರಿನಲ್ಲೇ ಉಳಿದಿದೆ. ಇದು ಒಳ್ಳೆಯ ಅಂಶ, ಒಪ್ಪಬೇಕು.

ಆದರೆ ಆ ಐದು ಪರ್ಸೆಂಟಿನ ಲೆಕ್ಕವನ್ನು ನಾವೇ ಹಾಕಿ ನೋಡೋಣ. ಎರಡು ವರ್ಷಕ್ಕೆ ಶೇ. 5ರಂತೆ ಏರಿದರೆ ಹತ್ತು ವರ್ಷದ ಮೇಲೆ 21,000 ಸುಮಾರು 26,800 ಆಗುತ್ತದೆ. ಸಾಮಾನಿನ ಬೆಲೆ ಪ್ರತಿ ವರ್ಷ ಶೇ. 5 ಏರುತ್ತದೆಂದು ಇಟ್ಟುಕೊಂಡರೆ, ಇವತ್ತು 21,000ಕ್ಕೆ ಬರುವ ಸಾಮಾನಿಗೆ ಆಗ ಸುಮಾರು 34,200 ಬೇಕು. 24 ವರ್ಷದ ಮೇಲೆ ಗುತ್ತಿಗೆ ಸುಮಾರು 37,700, ಬೇಕಾಗುವುದು ಸುಮಾರು 67,700. ಕೈಗೆ ಬರುವ ನೋಟು ಹೆಚ್ಚುತ್ತದೆ, ಅದರಿಂದ ತುಂಬುವ ಚೀಲ ಚಿಕ್ಕದಾಗುತ್ತದೆ. ‘ಎರಡು ವರ್ಷಕ್ಕೊಮ್ಮೆ’ ಎಂಬ ಒಂದು ಪದದಿಂದ ಆಗುವ ವ್ಯತ್ಯಾಸ ಇದು.

ಇನ್ನೊಂದು ಕಡೆ ನೋಡಿದರೆ, ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೇಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದ ಕುಟುಂಬಗಳಿಗೆ ಹೊಲದ ಕೆಲಸ ಹೋಯಿತು. ಸಿಕ್ಕಿದ್ದು ಕೆಲವರಿಗೆ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ. ಕುರಿಗಾಹಿಗಳಿಗೆ ಬೇಲಿ ಅಡ್ಡ ಬಂತು. ಯಾರೂ ಅವರಿಗೆ ಮೋಸ ಮಾಡಿದರೆಂದಲ್ಲ. ಒಪ್ಪಂದದ ಮೇಜಿನ ಹತ್ತಿರ ಅವರಿಗೆ ಕುರ್ಚಿಯೇ ಇರಲಿಲ್ಲ.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಸರ್ಕಾರ ಭೂಮಿ ವಶಪಡಿಸಿಕೊಂಡರೆ, ಆ ಭೂಮಿಯ ಮೇಲೆ ಮೂರು ವರ್ಷದಿಂದ ದುಡಿದು ಬದುಕುತ್ತಿದ್ದ ಕೂಲಿಗಾರರು, ಗೇಣಿದಾರರೂ ‘ಬಾಧಿತ ಕುಟುಂಬ’ಗಳೇ. ರೈತರೂ ಕಂಪನಿಯೂ ಒಪ್ಪಿ ಗುತ್ತಿಗೆ ಮಾಡಿಕೊಂಡರೆ ಆ ಲೆಕ್ಕವೇ ಬರುವುದಿಲ್ಲ. ಭೂಮಿ ಕಳೆದುಕೊಳ್ಳದಿರುವುದು ಒಡೆಯರಿಗೆ ಲಾಭ. ಆದರೆ ಭೂಮಿಯೇ ಇಲ್ಲದವರು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಭಾಷೆಯೂ ಹಕ್ಕಿನ ಭಾಗ

ದಿನೆ ಜನರಿಗೆ ಸ್ವಂತ ಸರ್ಕಾರವಿತ್ತು. ಕಾಗದ ಮಾತ್ರ ಬೇರೆಯವರ ಭಾಷೆಯಲ್ಲಿತ್ತು. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜೊತೆ ಈ ಕಡೆಗೆ ಬಂತು. ಮಡಕಶಿರಾ 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರೊಳ್ಳ, ಅಗಳಿ, ಅಮರಾಪುರದ ಮನೆಗಳಲ್ಲಿ ಕನ್ನಡ ಮಾತು. ಅಡಂಗಲ್, 1-ಬಿ, ಪಾಸ್‌ಬುಕ್ ಎಲ್ಲವೂ ತೆಲುಗಿನಲ್ಲಿ. ಗಡಿಯಾಚೆ ಪಾವಗಡದಲ್ಲಿ ಇದು ತಿರುವುಮುರುವು: ಅನೇಕರ ಮನೆಮಾತು ತೆಲುಗು, ಪಹಣಿ ಕನ್ನಡದಲ್ಲಿ. ಕಂಪನಿಯ ಗುತ್ತಿಗೆ ಕರಾರಂತೂ ಸಾಮಾನ್ಯವಾಗಿ ಇಂಗ್ಲಿಷು.

ಗಡಿ ದಾಟಿದರೆ ಜನರ ಹೆಸರೂ ಬದಲಾಗುತ್ತದೆ. ತಾಂಡಾಗಳಲ್ಲಿರುವ ನಮ್ಮ ಲಂಬಾಣಿ ಸಹೋದರರು ಆಂಧ್ರದಲ್ಲಿ ಸುಗಾಲಿ ಎಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಅನುಸೂಚಿತ ಬುಡಕಟ್ಟು ಪ್ರದೇಶಗಳ ಭೂಮಿಯನ್ನು ಹೊರಗಿನವರಿಗೆ ಗುತ್ತಿಗೆ ಕೊಡಬಾರದೆಂದು 1997ರ ‘ಸಮತಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹುಟ್ಟಿದ್ದು ಆಂಧ್ರದಲ್ಲೇ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಗಣಿಗಾರಿಕೆ ಬೇಕೋ ಬೇಡವೋ ಎಂದು ಗ್ರಾಮಸಭೆಗಳನ್ನೇ ಕೇಳಬೇಕೆಂದು ಅದೇ ಕೋರ್ಟು ಹೇಳಿದಾಗ 12 ಗ್ರಾಮಸಭೆಗಳೂ ಬೇಡ ಎಂದವು. ಆದರೆ ನಮ್ಮ ಸೀಮೆ ಅನುಸೂಚಿತ ಪ್ರದೇಶವಲ್ಲ. ಇಲ್ಲಿನ ತಾಂಡಾಗಳಿಗೆ ಆ ಗುರಾಣಿ ಇಲ್ಲ. ಆದ್ದರಿಂದ ಊರಿನ ಒಗ್ಗಟ್ಟು, ಓದಿದವರ ಸಹಾಯ ಇಲ್ಲಿ ಇನ್ನೂ ಹೆಚ್ಚು ಬೇಕು.

ನಮ್ಮ ಸಂವಿಧಾನದ 350ನೇ ವಿಧಿಯನ್ನು ನೆನಪಿಟ್ಟುಕೊಳ್ಳಿ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅಂದರೆ ತಹಶೀಲ್ದಾರರಿಗೆ ನೀವು ಕನ್ನಡದಲ್ಲಿ ಅರ್ಜಿ ಬರೆಯಬಹುದು.

ಧರ್ಮಸಭೆಯ ಬೋಧನೆ

ಈ ವಿಷಯಕ್ಕೆ ನೇರವಾಗಿ ಸೇರುವ ಬೋಧನೆ ನಮ್ಮಲ್ಲಿದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 146ನೇ ಪರಿಚ್ಛೇದದಲ್ಲಿ, ಮೂಲನಿವಾಸಿಗಳ ಭೂಮಿಯಲ್ಲಿ ದೊಡ್ಡ ಯೋಜನೆ ತರುವಾಗ ಅವರನ್ನೇ ಮುಖ್ಯವಾಗಿ ಕೇಳಬೇಕೆಂದು ಬರೆದಿದ್ದಾರೆ. ಅವರಿಗೆ ಭೂಮಿ ಮಾರುವ ಸರಕಲ್ಲ, ದೇವರ ವರ ಮತ್ತು ಪೂರ್ವಿಕರ ನೆಲೆ. 179ನೇ ಪರಿಚ್ಛೇದದಲ್ಲಿ ನವೀಕರಿಸಬಹುದಾದ ಶಕ್ತಿಗಾಗಿ ಸ್ಥಳೀಯರೇ ಕಟ್ಟಿಕೊಂಡ ಸಹಕಾರ ಸಂಘಗಳನ್ನು ಮೆಚ್ಚಿ ಮಾತನಾಡುತ್ತಾರೆ.

ಬೈಬಲಿನಲ್ಲಿ ನಾಬೋತನ ದ್ರಾಕ್ಷಿತೋಟದ ಕಥೆ ಓದಿ (1 ಅರಸುಗಳು 21). ಅಹಾಬ ಅರಸನು ಮೊದಲು ಒಳ್ಳೆಯ ಮಾತಿನಲ್ಲೇ ಕೇಳುತ್ತಾನೆ: ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ ಎನ್ನುತ್ತಾನೆ. ನಾಬೋತನು ಪಿತ್ರಾರ್ಜಿತವೆಂದು ಬೇಡ ಎನ್ನುತ್ತಾನೆ. ಮುಂದೆ ಅವನ ಪ್ರಾಣ ತೆಗೆದದ್ದು ಅರಸನ ಹೆಸರಿನಲ್ಲಿ ಬರೆದು ಮುದ್ರೆ ಒತ್ತಿದ ಕಾಗದಗಳು. ಅರಸನು ಕೊಟ್ಟ ಬೆಲೆ ಕಡಿಮೆಯಾಗಿತ್ತೆಂದು ಪ್ರವಾದಿ ಎಲೀಯನು ಅವನನ್ನು ಖಂಡಿಸುವುದಿಲ್ಲ. ‘ಬೇಡ’ ಎಂದವನನ್ನು ಕೊಂದು ಅವನ ಭೂಮಿಯನ್ನು ಹಿಡಿದುಕೊಂಡದ್ದಕ್ಕೆ ಖಂಡಿಸುತ್ತಾನೆ.

ಬೇರೆ ದಾರಿಗಳೂ ಇವೆ

ಬೇಸರಪಟ್ಟು ಪಾಠ ಮುಗಿಸುವುದು ಬೇಡ. ಗಾಳಿ-ಬಿಸಿಲುಗಳ ಒಂದು ಒಳ್ಳೆಯ ಗುಣವೆಂದರೆ ಅವನ್ನು ಚಿಕ್ಕದಾಗಿಯೂ ಮಾಡಬಹುದು. ಕಲ್ಲಿದ್ದಲು ಸ್ಥಾವರವನ್ನು ಒಂದು ಹಳ್ಳಿ ಕಟ್ಟಲಾರದು. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಒಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ 350 ಕಿಲೋವಾಟ್‌ನ ಗಾಳಿಯಂತ್ರವನ್ನು ತಾನೇ ಕೊಂಡಿತು. ಅದರ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿ ಊರಿಗೆ ಆದಾಯ ಮಾಡಿತು. ಯಂತ್ರ ಅದೇ, ಗಾಳಿ ಅದೇ, ಮಾಲೀಕರು ಬೇರೆ.

ಕೇಂದ್ರ ಸರ್ಕಾರದ 2019ರ ಪಿಎಂ-ಕುಸುಮ್ ಯೋಜನೆಯ ಒಂದು ಭಾಗದಲ್ಲಿ ರೈತರು, ರೈತರ ಗುಂಪುಗಳು, ಸಹಕಾರ ಸಂಘಗಳು, ಪಂಚಾಯಿತಿಗಳು ಬರಡು ನೆಲದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗೆ ಸೋಲಾರ್ ಹಾಕಿ ಕರೆಂಟು ಮಾರಲು ಅವಕಾಶ ಮಾಡಲಾಯಿತು. ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ ಸಾಕು. ಜಾಗ ಸಬ್‌ಸ್ಟೇಷನ್ನಿಗೆ ಹತ್ತಿರ ಇರಬೇಕು, ಬ್ಯಾಂಕ್ ಸಾಲವೂ ಬೇಕಾಗುತ್ತದೆ; ಸುಲಭವೆಂದು ಹೇಳುವುದಿಲ್ಲ. ದಿನೆ ಜನರೂ ಸುಮ್ಮನೆ ಕೂರಲಿಲ್ಲ. ಬುಡಕಟ್ಟಿನದೇ ಆದ ವಿದ್ಯುತ್ ಸಂಸ್ಥೆ 2017ರಲ್ಲಿ ಕಯೆಂಟಾ ಎಂಬಲ್ಲಿ 27 ಮೆಗಾವಾಟ್ ಸೋಲಾರ್ ಘಟಕ ಕಟ್ಟಿತು. ಎರಡು ವರ್ಷದಲ್ಲಿ ಅದು 55 ಮೆಗಾವಾಟಾಯಿತು.

ಸಹಿ ಹಾಕುವ ಮುನ್ನ

ನಮ್ಮ ಯುವಜನರು ಮನೆಯವರ ಜೊತೆ, ನೆರೆಯವರ ಜೊತೆ ಕೂತು ಈ ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿ.

1. ಎದುರಿಗೆ ಕೂತವರು ಕಂಪನಿಯವರೋ, ಮಧ್ಯವರ್ತಿಯೋ? ಕರಾರಿನಲ್ಲಿ ಯಾರ ಹೆಸರಿದೆ?

2. ಎಷ್ಟು ವರ್ಷ? ಏರಿಕೆ ಪ್ರತಿ ವರ್ಷವೋ, ಎರಡು ವರ್ಷಕ್ಕೊಮ್ಮೆಯೋ? ಮೇಲೆ ಹಾಕಿದ ಲೆಕ್ಕವನ್ನು ನಿಮ್ಮ ಹೊಲಕ್ಕೂ ಹಾಕಿ ನೋಡಿ.

3. ಕಂಪನಿ ಬೇರೆಯವರಿಗೆ ಮಾರಿಕೊಂಡರೆ, ದಿವಾಳಿಯಾದರೆ ಗುತ್ತಿಗೆ ಹಣ ಕೊಡುವವರು ಯಾರು?

4. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಅಡಿಪಾಯ, ಪ್ಯಾನೆಲ್, ತಂತಿ ತೆಗೆದು ಹೊಲ ಸರಿ ಮಾಡಿಕೊಡುವವರು ಯಾರು? ಅದು ಬರಹದಲ್ಲಿ ಇದೆಯೇ?

5. ಆ ಭೂಮಿಯ ಮೇಲೆ ನಮಗೆ ಬೆಳೆಸಾಲ ಸಿಗುತ್ತದೆಯೇ? ನಮ್ಮ ಕಾಗದ ತೋರಿಸಿ ಕಂಪನಿ ಸಾಲ ತೆಗೆಯಬಹುದೇ?

6. ಕರಾರನ್ನು ಕನ್ನಡದಲ್ಲಿ ಓದಿ ಹೇಳಿದ್ದಾರೆಯೇ? ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ನೋಂದಣಿ ಕಡ್ಡಾಯ. ಪ್ರತಿ ನಿಮ್ಮ ಕೈಗೆ ಬರಬೇಕು.

7. ಸರ್ಕಾರ ಬಡವರಿಗೆ ಹಂಚಿದ ಪಟ್ಟಾ ಭೂಮಿಯಾದರೆ 1977ರ ಆಂಧ್ರದ ಕಾಯ್ದೆ ಅನ್ವಯಿಸುತ್ತದೆ. ಅದಕ್ಕೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ತಹಶೀಲ್ದಾರ್ ಕಚೇರಿಯಲ್ಲಿ ಕೇಳದೆ ಯಾವ ಕಾಗದಕ್ಕೂ ಬೆರಳೊತ್ತಬೇಡಿ.

8. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ನಾಳೆ ಏನು ಮಾಡುತ್ತಾರೆ? ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಎಂಟನೆಯ ಪ್ರಶ್ನೆ ಕಂಪನಿಗಷ್ಟೇ ಅಲ್ಲ, ಭೂಮಿ ಇರುವ ನಮ್ಮವರಿಗೂ ಸೇರಿದ್ದು. ನಮ್ಮ ಹಕ್ಕನ್ನು ಕೇಳುವಾಗ ನಮ್ಮ ಹೊಲದ ಕೂಲಿಯವರ ಹಕ್ಕನ್ನು ಮರೆತರೆ, ದೊಡ್ಡವರು ನಮಗೆ ಮಾಡಿದ್ದನ್ನೇ ನಾವು ಚಿಕ್ಕವರಿಗೆ ಮಾಡಿದಂತಾಗುತ್ತದೆ.

ಗುಂಪು ಚರ್ಚೆಗೆ

• ನಿಮ್ಮ ಊರಿನಲ್ಲಿ ‘ಬಂಜರು’ ಎಂದು ಬರೆದಿರುವ ಜಾಗ ಯಾವುದು? ಅದನ್ನು ನಿಜವಾಗಿ ಯಾರು, ಯಾವುದಕ್ಕೆ ಬಳಸುತ್ತಾರೆ? ಹೋಗಿ ನೋಡಿ, ಹಿರಿಯರನ್ನು ಕೇಳಿ, ಬರೆದುಕೊಂಡು ಬನ್ನಿ.

• ‘ಆಗಲಿ’, ‘ಬೇಡ’, ‘ಹೀಗಾದರೆ ಮಾತ್ರ ಆಗಲಿ’: ಈ ಮೂರರಲ್ಲಿ ಯಾವ ಮಾತನ್ನು ಆಡುವುದು ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಕಷ್ಟ? ಏಕೆ?

• ತೆಲುಗು ಓದಬಲ್ಲವರು, ಇಂಗ್ಲಿಷ್ ಓದಬಲ್ಲವರು ನಮ್ಮ ಯುವ ಗುಂಪಿನಲ್ಲಿ ಎಷ್ಟು ಮಂದಿ ಇದ್ದೀರಿ? ಊರಿನವರಿಗೆ ಕಾಗದ ಓದಿ ಹೇಳಲು ತಿಂಗಳಿಗೆ ಒಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಕೊಡಬಲ್ಲಿರಾ?

ಮೂರನೆಯ ಪ್ರಶ್ನೆಗೆ ಹೌದು ಎನ್ನುವವರು ದಯವಿಟ್ಟು ಹೆಸರು ಬರೆಸಿ. ಯಾವ ಮತದವರೇ ಬರಲಿ, ತಾಂಡಾದವರೇ ಬರಲಿ, ಓದಿ ಹೇಳೋಣ.